ಹಿತ್ತಲಲ್ಲಿ ಒಂದೇ ಒಂದು ಗಾಂಜಾ ಗಿಡ ಹಾಕಿದರೆ ಏನಾಗ್ತದೆ? ಹೆಂಪ್ ಬೀಜ ತರಿಸೋ ಮುಂಚೆ ಓದಿ

"ಅಣ್ಣ, ಹೆಂಪ್ ಬೀಜ ಆನ್‌ಲೈನಲ್ಲೇ ಸಿಗ್ತದೆ. ಹಿತ್ತಲಲ್ಲಿ ಎರಡು ಗಿಡ ಹಾಕಿದ್ರೆ ತೊಂದ್ರೆ ಆಯ್ತದಾ?"

ಇಂಥ ಪ್ರಶ್ನೆ ನನ್ನ ವಾಟ್ಸಾಪಿಗೆ ಆಗಾಗ ಬರ್ತಾನೇ ಇದೆ. ಕೇಳೋರು ಪುಂಡರಲ್ಲ. ಕೊಳ್ಳೇಗಾಲದಲ್ಲಿ ಓದು ಮುಗಿಸಿ ಕೆಲಸ ಹುಡುಕ್ತಿರೋ ಹುಡುಗರು, ಹನೂರು ಕಡೆ ಮಳೆ ನಂಬಿ ಮುಸುಕಿನ ಜೋಳ ಹಾಕೋರು, ಯಳಂದೂರು ಕಡೆ ಕಾಡಂಚಿನಲ್ಲಿ ಎರಡು ಎಕರೆ ಇಟ್ಕೊಂಡು ಹಂದಿ ಕಾಟಕ್ಕೆ ಬೇಸತ್ತೋರು. ಯೂಟ್ಯೂಬಲ್ಲಿ ಯಾರೋ ಕುಂಡದಲ್ಲಿ ಗಿಡ ಬೆಳೆಸಿ ತೋರಿಸ್ತಾರೆ, ಇನ್ಯಾರೋ "ಹೆಂಪ್ ಎಕರೆಗೆ ಲಕ್ಷ ಲಕ್ಷ" ಅಂತಾರೆ. ಅದನ್ನ ನೋಡಿ ಕೇಳ್ತಾರೆ.

ನಾನು ತೋಟಗಾರಿಕೆ ಓದಿ ಈಗ ಸಾವಯವ ಬೇಸಾಯ ಮಾಡ್ತಿರೋನು. ಗಿಡದ ವಿಷಯ ಕೇಳಿದರೆ ಮುಚ್ಚುಮರೆ ಇಲ್ಲದೆ ಹೇಳ್ತೀನಿ. ಉತ್ತರ ಚಿಕ್ಕದು: ಬೇಡ. ಒಂದು ಗಿಡವೂ ಬೇಡ. ಆದರೆ ಬರೀ "ಬೇಡ" ಅಂದರೆ ಯಾರೂ ಕೇಳಲ್ಲ. ಅದಕ್ಕೇ ಕಾನೂನಲ್ಲಿ ಏನಿದೆ, ಹೆಂಪ್ ಅಂದರೆ ಏನು, ನಿಮಗೆ ಗೊತ್ತಿಲ್ಲದೆ ನಿಮ್ಮ ಜಮೀನಲ್ಲಿ ಗಿಡ ಕಂಡರೆ ಏನು ಮಾಡಬೇಕು, ಅದೇ ನೆಲದಲ್ಲಿ ನೆಮ್ಮದಿಯಾಗಿ ಏನು ಬೆಳೀಬಹುದು ಅನ್ನೋದನ್ನ ಒಂದೊಂದಾಗಿ ನೋಡೋಣ.

ಆ ವಿಡಿಯೋ ಯಾವ ದೇಶದ್ದು ನೋಡಿ

"ಹೊಸಬರಿಗೆ ಮನೆಯಲ್ಲೇ ಬೆಳೆಯುವ ವಿಧಾನ" ಅಂತ ಬರೋ ವಿಡಿಯೋಗಳಲ್ಲಿ ಬಹಳಷ್ಟು ಹೊರದೇಶದವು. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನುಬದ್ಧ. ಅಲ್ಲಿನ ಬಹುತೇಕ ಪ್ರಾಂತ್ಯಗಳಲ್ಲಿ ಒಂದು ಮನೆಗೆ ನಾಲ್ಕು ಗಿಡ ಬೆಳೆಸಬಹುದು. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರು ತಲಾ ಮೂರು ಗಿಡ ಇಟ್ಕೊಳ್ಳಬಹುದು. ಅವರು ವಿಡಿಯೋ ಮಾಡಿ ಹಾಕಿದರೆ ಅವರಿಗೆ ಏನೂ ಆಗಲ್ಲ. ಅದೇ ವಿಡಿಯೋ ನೋಡಿ ರಾಮಾಪುರದಲ್ಲೋ ಮಾಂಬಳ್ಳಿಯಲ್ಲೋ ಒಂದು ಬೀಜ ಊರಿದರೆ ಕಥೆ ಬೇರೆ. ವಿಡಿಯೋಗೆ ಗಡಿ ಇಲ್ಲ, ಕಾನೂನಿಗೆ ಇದೆ.

ನಮ್ಮಲ್ಲಿ ಕಾನೂನು ಏನು ಹೇಳುತ್ತೆ?

ನಮ್ಮ ದೇಶದಲ್ಲಿ ಇದಕ್ಕೆ ಇರೋದು 1985ರ ಎನ್‌ಡಿಪಿಎಸ್ ಕಾಯ್ದೆ. ರೈತರು ತಿಳಿದಿರಬೇಕಾದ ಅಂಶಗಳು ಇಷ್ಟು:

- ಸೆಕ್ಷನ್ 8 ಗಾಂಜಾ ಗಿಡದ ಬೇಸಾಯವನ್ನೇ ನಿಷೇಧ ಮಾಡಿದೆ. "ಇಷ್ಟು ಗಿಡದವರೆಗೆ ಪರವಾಗಿಲ್ಲ" ಅನ್ನೋ ಮಾತು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಹೊಲ, ಹಿತ್ತಲು, ಟೆರೇಸಿನ ಕುಂಡ ಎಲ್ಲ ಒಂದೇ.
- ಕಾಯ್ದೆಯ ಪ್ರಕಾರ "ಗಾಂಜಾ ಗಿಡ" ಅಂದರೆ ಕ್ಯಾನಬಿಸ್ ಕುಲದ ಯಾವುದೇ ಗಿಡ. ಗಂಡು ಗಿಡ, ಹೆಣ್ಣು ಗಿಡ, ನಶೆ ಕಮ್ಮಿ ಇರೋ ಹೆಂಪ್ ಎಲ್ಲ ಅದರೊಳಗೇ ಬರುತ್ತೆ.
- ಸೆಕ್ಷನ್ 20ರ ಪ್ರಕಾರ ಬೇಸಾಯ ಮಾಡಿದ್ದಕ್ಕೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ.
- ಗಾಂಜಾ ಇಟ್ಕೊಂಡಿದ್ದಕ್ಕೆ ಶಿಕ್ಷೆ ತೂಕದ ಮೇಲೆ. 1 ಕೆಜಿವರೆಗೆ "ಸಣ್ಣ ಪ್ರಮಾಣ", 20 ಕೆಜಿ ಮೀರಿದರೆ "ವಾಣಿಜ್ಯ ಪ್ರಮಾಣ". ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ.
- ಸೆಕ್ಷನ್ 25: ಜಾಗದ ಮಾಲೀಕರು ಅಥವಾ ಅದನ್ನ ನೋಡಿಕೊಳ್ಳೋರು ಗೊತ್ತಿದ್ದೂ ಬಿಟ್ಟರೆ ಅವರಿಗೂ ಅದೇ ಶಿಕ್ಷೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸೆಕ್ಷನ್ 54. ಸಾಮಾನ್ಯವಾಗಿ ತಪ್ಪು ಮಾಡಿದ್ದಾನೆ ಅಂತ ಸಾಬೀತು ಮಾಡೋದು ಪೊಲೀಸರ ಕೆಲಸ. ಇಲ್ಲಿ ಹಾಗಲ್ಲ. ನೀವು ಉಳುಮೆ ಮಾಡಿದ ನೆಲದಲ್ಲಿ ಆ ಗಿಡ ಇದ್ದು, ಅದು ಹೇಗೆ ಬಂತು ಅಂತ ಸರಿಯಾದ ಉತ್ತರ ಕೊಡೋಕೆ ಆಗದಿದ್ದರೆ, ತಪ್ಪು ನಿಮ್ಮದೇ ಅಂತ ಕೋರ್ಟು ಭಾವಿಸಬಹುದು. ಅಲ್ಲ ಅಂತ ತೋರಿಸೋ ಹೊಣೆ ನಿಮ್ಮ ತಲೆ ಮೇಲೆ.

"ಭಂಗಿ ಸೊಪ್ಪು ಹಿಂದಿನ ಕಾಲದಿಂದ ಇದೆಯಲ್ಲ ಅಣ್ಣ?"

ಇದೆ. ನಮ್ಮ ಅಜ್ಜಂದಿರ ಬಾಯಲ್ಲಿ ಇದು ಭಂಗಿ ಸೊಪ್ಪೇ. ಕಾಯ್ದೆಯಲ್ಲಿ ಗಾಂಜಾ ಅಂದರೆ ಹೂವು ಅಥವಾ ಕಾಯಿ ಕಟ್ಟಿದ ತುದಿ. ತುದಿ ಜೊತೆಗಿಲ್ಲದ ಬರೀ ಎಲೆ, ಬರೀ ಬೀಜ ಆ ವ್ಯಾಖ್ಯೆಯೊಳಗೆ ಬರಲ್ಲ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಅರ್ಜಿಯಲ್ಲಿ ಭಂಗ್ ಈ ಕಾಯ್ದೆಯಡಿ ನಿಷೇಧಿತ ವಸ್ತು ಅಲ್ಲ ಅಂತ ಹೇಳಿತ್ತು. ಆ ಸುದ್ದಿಯ ಸ್ಕ್ರೀನ್‌ಶಾಟ್ ಹಿಡ್ಕೊಂಡು "ಈಗ ಬೆಳೀಬೋದು" ಅಂತ ಹೇಳೋರು ಇದ್ದಾರೆ. ಎಚ್ಚರ. ಎಲೆಯ ವ್ಯಾಖ್ಯೆ ಬೇರೆ, ಗಿಡ ಬೆಳೆಸೋದು ಬೇರೆ. ಎಲೆ ಬೇಕು ಅಂತಲೇ ಗಿಡ ಹಾಕಿದರೂ ಅದು ಬೇಸಾಯವೇ.

ಬೀಜದ ವಿಷಯವೂ ಹಾಗೆ. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಹೆಂಪ್ ಬೀಜ, ಅದರ ಎಣ್ಣೆ, ಹಿಟ್ಟನ್ನ ಆಹಾರವಾಗಿ ಮಾರೋಕೆ ನಿಯಮ ತಂದಿತು. ಆನ್‌ಲೈನಲ್ಲಿ ಪ್ಯಾಕೆಟ್ ಸಿಗೋದು ಅದಕ್ಕೇ. ಅದು ತಿನ್ನೋಕೆ. ಪ್ಯಾಕೆಟ್ ಬಿಲ್ಲು ಇದೆ ಅಂತ ಮಣ್ಣಿಗೆ ಹಾಕಿದರೆ ಬಿಲ್ಲು ನಿಮ್ಮನ್ನ ಕಾಪಾಡಲ್ಲ.

ಹೆಂಪ್ ಉತ್ತರಾಖಂಡದಲ್ಲಿ ಬೆಳೀತಾರೆ, ನಾವ್ಯಾಕೆ ಬೆಳೀಬಾರದು?

ಒಳ್ಳೇ ಪ್ರಶ್ನೆ. ಹೆಂಪ್ ಮತ್ತು ಗಾಂಜಾ ಬೇರೆ ಬೇರೆ ಗಿಡ ಅಲ್ಲ, ಎರಡೂ ಕ್ಯಾನಬಿಸ್ಸೇ. ನಶೆ ಕೊಡೋ ಟಿಎಚ್‌ಸಿ ಅನ್ನೋ ರಾಸಾಯನಿಕ ಬಹಳ ಕಮ್ಮಿ ಇರೋ ತಳಿಗಳನ್ನ ನಾರಿಗೆ, ಬೀಜಕ್ಕೆ ಬೆಳೆದಾಗ ಹೆಂಪ್ ಅಂತಾರೆ. ಉತ್ತರಾಖಂಡದಲ್ಲಿ ಮಿತಿ 0.3%. ದೇಶದಲ್ಲಿ ಮೊದಲಿಗೆ ವಾಣಿಜ್ಯ ಹೆಂಪ್‌ಗೆ ಲೈಸೆನ್ಸ್ ಕೊಟ್ಟದ್ದು ಆ ರಾಜ್ಯವೇ, 2018ರಲ್ಲಿ. ಹಿಮಾಚಲ ಪ್ರದೇಶದ ವಿಧಾನಸಭೆ 2024ರ ಸೆಪ್ಟೆಂಬರಲ್ಲಿ ಔಷಧ ಮತ್ತು ಕೈಗಾರಿಕೆ ಬಳಕೆಗೆ ಬೆಳೆಯೋ ಬಗ್ಗೆ ನಿರ್ಣಯ ಒಪ್ಪಿತು.

ಕಾಯ್ದೆಯಲ್ಲೇ ಇದಕ್ಕೆ ಬಾಗಿಲು ಇದೆ. ಸೆಕ್ಷನ್ 10 ರಾಜ್ಯ ಸರ್ಕಾರಕ್ಕೆ ಅಧಿಕಾರ ಕೊಡುತ್ತೆ, ಸೆಕ್ಷನ್ 14 ಕೂಡ ಸರ್ಕಾರಕ್ಕೆ ಅಧಿಕಾರ ಕೊಡುತ್ತೆ. 14ರಲ್ಲಿ ನಾರು, ಬೀಜದ ಜೊತೆ "ತೋಟಗಾರಿಕೆ ಉದ್ದೇಶ" ಅನ್ನೋ ಮಾತೂ ಇದೆ. ಅದನ್ನ ಕೆಂಪು ಗೆರೆ ಎಳೆದು "ನಿಮ್ಮ ಸಬ್ಜೆಕ್ಟೇ ಅಣ್ಣ" ಅಂತ ಕಳಿಸಿದೋರೂ ಇದ್ದಾರೆ! ಪೂರ್ತಿ ಓದಿ: ಸರ್ಕಾರ ಆದೇಶ ಹೊರಡಿಸಿ, ಷರತ್ತು ಹಾಕಿ, ಅನುಮತಿ ಕೊಡಬಹುದು ಅಂತ ಇದೆ. ಅಂಥ ಆದೇಶ ಇಲ್ಲದ ಕಡೆ ಆ ಬಾಗಿಲು ಮುಚ್ಚಿದ್ದೇ. ಕರ್ನಾಟಕದಲ್ಲಿ ರೈತ ಅರ್ಜಿ ಹಾಕಿ ಹೆಂಪ್ ಲೈಸೆನ್ಸ್ ತಗೊಳ್ಳೋ ವ್ಯವಸ್ಥೆ ಇಲ್ಲ. "ನಾವು ಲೈಸೆನ್ಸ್ ಮಾಡಿಸಿಕೊಡ್ತೀವಿ, ಮುಂಗಡ ಕಳಿಸಿ" ಅನ್ನೋ ಮೆಸೇಜ್ ಬಂದರೆ ದುಡ್ಡು ಕಳಿಸಬೇಡಿ.

ಬೇಸಾಯದ ಲೆಕ್ಕದಲ್ಲೂ ನೋಡಿ. ಹೆಂಪ್ ಹಗಲಿನ ಉದ್ದಕ್ಕೆ ಸ್ಪಂದಿಸೋ ಬೆಳೆ. ಉತ್ತರಾಖಂಡದಲ್ಲಿ ಜೂನಲ್ಲಿ ಹಗಲು ಸುಮಾರು 14 ಗಂಟೆ. ಕೊಳ್ಳೇಗಾಲದಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟಲ್ಲ. ಉತ್ತರದ ನಾರಿನ ತಳಿಗಳು ಇಂಥ ಚಿಕ್ಕ ಹಗಲಲ್ಲಿ ಎತ್ತರ ಬೆಳೆಯೋ ಮುಂಚೆನೇ ಹೂವಿಗೆ ಬರ್ತವೆ, ನಾರು ಸಿಗಲ್ಲ. ಅಂದರೆ ನಾಳೆ ಕಾನೂನು ಬದಲಾದರೂ ಅಲ್ಲಿನ ಆದಾಯದ ಲೆಕ್ಕ ಇಲ್ಲಿಗೆ ಹಾಗೇ ಹೊಂದಲ್ಲ.

ನಮ್ಮ ಮೂರು ತಾಲ್ಲೂಕಲ್ಲಿ ಇದು ಯಾಕೆ ದೊಡ್ಡ ವಿಷಯ?

ಪೇಪರ್ ಓದೋರಿಗೆ ಗೊತ್ತು. "ಜೋಳದ ನಡುವೆ ಗಾಂಜಾ", "ಅರಿಶಿನದ ಹೊಲದಲ್ಲಿ ಗಾಂಜಾ, ರೈತನ ಬಂಧನ" ಇಂಥ ಸುದ್ದಿ ನಮ್ಮ ಕಡೆಯಿಂದ ಬರ್ತಾನೇ ಇರುತ್ತೆ. ಹನೂರು ಭಾಗದಲ್ಲಿ ಒಂದು ಕಡೆ ಕಾಡು, ಇನ್ನೊಂದು ಕಡೆ ಪಾಲಾರ್, ಗರಿಕೆಕಂಡಿ ದಾಟಿದರೆ ತಮಿಳುನಾಡು. ಒಂಟಿ ಮನೆ, ದೂರದ ಹೊಲ ಜಾಸ್ತಿ. ಮಳೆ ಕೈ ಕೊಟ್ಟ ವರ್ಷ, ಬೆಳ್ಳುಳ್ಳಿಗೋ ಟೊಮೆಟೊಗೋ ರೇಟ್ ಬಿದ್ದ ವರ್ಷ ಯಾರೋ ಒಬ್ಬ ಬಂದು "ಜೋಳದ ಸಾಲಿನ ಮಧ್ಯೆ ನಾಲ್ಕು ಗಿಡ ಅಷ್ಟೇ, ಮುಂಗಡ ತಗೋ" ಅಂತಾನೆ.

ಇಲ್ಲಿ ಒಂದು ವಿಷಯ ತಲೆಯಲ್ಲಿ ಇಟ್ಕೊಳ್ಳಿ. ಬೀಜ ಕೊಟ್ಟವನ ಹೆಸರು ಪಹಣಿಯಲ್ಲಿ ಇಲ್ಲ. ಮಾಲು ಕೊಳ್ಳೋಕೆ ಬರೋನ ಹೆಸರೂ ಇಲ್ಲ. ಇರೋದು ನಿಮ್ಮ ಅಪ್ಪನ ಹೆಸರು, ಇಲ್ಲ ನಿಮ್ಮದು. ಗಿಡ ನೆಲ ಬಿಟ್ಟು ಓಡಲ್ಲ. ನೆಲದ ಜೊತೆ ಹೆಸರಿರೋನೂ ಓಡೋಕಾಗಲ್ಲ.

ಆಮೇಲೆ ನಡೆಯೋದು ಹೀಗೆ. ಅಧಿಕಾರಿಗಳು ಪಂಚರ ಎದುರು ಮಹಜರು ಮಾಡ್ತಾರೆ, ಗಿಡ ಕಿತ್ತು ತೂಕ ಹಾಕ್ತಾರೆ. ಹಸಿ ಗಿಡ, ಕಾಂಡ, ಎಲೆ ಎಲ್ಲ ಸೇರಿದರೆ ತೂಕ ಬೇಗ ಏರುತ್ತೆ. "ತುದಿ ಮಾತ್ರ ಲೆಕ್ಕಕ್ಕೆ ಬರಬೇಕು" ಅಂತ ವಕೀಲರು ವಾದ ಮಾಡಬಹುದು, ಎಷ್ಟೋ ಕೇಸಲ್ಲಿ ಮಾಡಿದ್ದಾರೆ ಕೂಡ. ಆದರೆ ಆ ವಾದ ನಡೆಯೋ ಹೊತ್ತಿಗೆ ನೀವು ಒಳಗಿರ್ತೀರಿ. 20 ಕೆಜಿ ಮೀರಿದ ಲೆಕ್ಕಕ್ಕೆ ಬಂದರೆ ಸೆಕ್ಷನ್ 37ರಡಿ ಜಾಮೀನು ಬಹಳ ಕಷ್ಟ. ಇವನು ತಪ್ಪು ಮಾಡಿಲ್ಲ ಅಂತ ನಂಬೋಕೆ ಕಾರಣ ಇದೆ ಅಂತ ಆ ಹಂತದಲ್ಲೇ ನ್ಯಾಯಾಧೀಶರಿಗೆ ಅನ್ನಿಸಬೇಕು. ವಾಣಿಜ್ಯ ಪ್ರಮಾಣದ ಕೇಸಲ್ಲಿ ತನಿಖೆ ಮುಗಿಸೋಕೆ ಪೊಲೀಸರಿಗೆ 180 ದಿನ ಇದೆ. ಅಷ್ಟರಲ್ಲಿ ರಾಗಿ ಬಿತ್ತಿ, ಕೊಯ್ದು, ಕಣ ಮಾಡಿ ಮುಗಿದಿರುತ್ತೆ. ಮನೆಯಲ್ಲಿ ಬೇಸಾಯ ಮಾಡೋರು ಯಾರು? ಕೊಳ್ಳೇಗಾಲದಿಂದ ಜಿಲ್ಲಾ ಕೇಂದ್ರಕ್ಕೇ ಸುಮಾರು 40 ಕಿಲೋಮೀಟರ್. ಮಾರ್ಟಳ್ಳಿ ಕಡೆಯ ತಾಯಿ ಒಬ್ಬಳು ಪ್ರತಿ ವಾಯಿದೆಗೆ ಚಾಮರಾಜನಗರಕ್ಕೆ ಹೋಗಿ ಬಂದರೆ ಒಂದು ದಿನದ ಕೂಲಿಯೂ ಹೋಯ್ತು, ಬಸ್ಸಿನ ದುಡ್ಡೂ ಹೋಯ್ತು. ಮುಂಗಡ ಕೊಟ್ಟವನು ಆ ಬಸ್ಸಲ್ಲಿ ಇರಲ್ಲ.

ಗಿಡ ಗುರುತು ಹಿಡಿಯೋದು ಹೇಗೆ?

ಬೆಳೆಯೋಕಲ್ಲ, ನಿಮ್ಮ ಹೊಲದಲ್ಲಿ ಬೇರೆಯವರು ಹಾಕಿದ್ದರೆ ಗೊತ್ತಾಗೋಕೆ ಇದು ಬೇಕು. ನಮ್ಮ ಕಡೆ ಇದನ್ನ ಹೋಲೋ ಬೆಳೆಗಳೂ ಇವೆ.

- ಗಾಂಜಾ: ಒಂದೇ ತೊಟ್ಟಿಂದ ಬೆರಳು ಬಿಡಿಸಿದ ಹಾಗೆ ಸಾಮಾನ್ಯವಾಗಿ 5ರಿಂದ 7 ಕಿರುಎಲೆ, ಅಂಚು ಗರಗಸದ ಹಲ್ಲಿನ ಹಾಗೆ. ಹೂವಿಗೆ ಬಂದಾಗ ಅಂಟಂಟು, ವಾಸನೆ ಜೋರು.
- ಮರಗೆಣಸು: ಎಲೆ ಬೆರಳಿನ ಹಾಗೇ ಸೀಳಿರುತ್ತೆ, ಆದರೆ ಅಂಚಲ್ಲಿ ಹಲ್ಲಿಲ್ಲ. ತೊಟ್ಟು ಮುರಿದರೆ ಬಿಳಿ ಹಾಲು ಬರುತ್ತೆ.
- ಪುಂಡಿ ನಾರಿನ ಗಿಡ: ಎಲೆ ನೋಡಿದರೆ ಎಂಥವರಿಗೂ ಅನುಮಾನ ಬರುತ್ತೆ. ಅದರ ಸಸ್ಯಶಾಸ್ತ್ರದ ಹೆಸರಲ್ಲೇ "ಕ್ಯಾನಬಿನಸ್" ಇದೆ, ಅಂದರೆ ಗಾಂಜಾ ಥರದ್ದು ಅಂತ. ಆದರೆ ಇದರ ಎಲೆ ಸೀಳಿದ್ದರೂ ಬುಡದಲ್ಲಿ ಕೂಡಿಕೊಂಡಿರುತ್ತೆ, ಕಾಂಡದ ಮೇಲೆ ಸಣ್ಣ ಮುಳ್ಳು, ಹೂವು ದಾಸವಾಳದ ಥರ.

ನಿಮ್ಮ ಜಮೀನಲ್ಲಿ ಕಂಡರೆ?

ಕಿತ್ತು ಬೇಲಿ ಆಚೆ ಬಿಸಾಕಿ ಸುಮ್ಮನಾಗೋಣ ಅನ್ನಿಸುತ್ತೆ. ಹಾಗೆ ಮಾಡಬೇಡಿ. ಕಿತ್ತು ಕೈಯಲ್ಲಿ ಹಿಡ್ಕೊಂಡ ಕ್ಷಣ ಅದು ನಿಮ್ಮ ಹತ್ತಿರ ಸಿಕ್ಕ ಮಾಲು. ಸೆಕ್ಷನ್ 46ರ ಪ್ರಕಾರ ಜಮೀನು ಹೊಂದಿದವರು ತಕ್ಷಣ ಮಾಹಿತಿ ಕೊಡಲೇಬೇಕು, ಗೊತ್ತಿದ್ದೂ ಕೊಡದೆ ಇರೋದು ಅಪರಾಧ. ಸೆಕ್ಷನ್ 47 ಇದೇ ಜವಾಬ್ದಾರಿಯನ್ನ ಸರ್ಕಾರಿ ನೌಕರರಿಗೆ, ಊರಿನ ಅಧಿಕಾರಿಗಳಿಗೆ ಹಾಕಿದೆ.

1. ಗಿಡ ಮುಟ್ಟದೆ, ಜಾಗ ಗೊತ್ತಾಗೋ ಹಾಗೆ ಫೋಟೋ ತೆಗೀರಿ. ಊರಿನ ಗ್ರೂಪಿಗೆ ಹಾಕಬೇಡಿ.
2. ಊರಲ್ಲಿ ನಂಬಿಕಸ್ಥರಾದ ಇಬ್ಬರನ್ನ ಕರ್ಕೊಂಡು ಅವತ್ತೇ ಠಾಣೆಗೆ ಹೋಗಿ. ಹೋಗೋಕೆ ತಡವಾಗುತ್ತೆ ಅಂದರೆ 112ಕ್ಕೆ ಫೋನ್ ಮಾಡಿ. ಮಾದಕ ವಸ್ತು ವಿಷಯಕ್ಕೇ ಅಂತ 1933 ಸಹಾಯವಾಣಿ ಇದೆ.
3. ಬಾಯಿ ಮಾತಲ್ಲಿ ಬಿಡಬೇಡಿ. ಬರೆದು ಕೊಟ್ಟು, ಸ್ವೀಕೃತಿ ತಗೊಳ್ಳಿ. ಗ್ರಾಮ ಆಡಳಿತ ಅಧಿಕಾರಿಗೂ ಒಂದು ಪ್ರತಿ ಕೊಡಿ.
4. ಹೆದರಿಕೆ ಇದ್ದರೆ 15100ಕ್ಕೆ ಫೋನ್ ಮಾಡಿ. ಅದು ಕಾನೂನು ನೆರವಿನ ಸಹಾಯವಾಣಿ.

ಜಮೀನು ಗುತ್ತಿಗೆಗೋ ವಾರಕ್ಕೋ ಕೊಟ್ಟಿದ್ದೀರಾ? ಅಣ್ಣ-ತಮ್ಮ, ಭಾವ-ಮೈದ ಅಂತ ಬಾಯಿ ಮಾತಲ್ಲಿ ಕೊಡೋದು ನಮ್ಮ ಕಡೆ ರೂಢಿ. ಇನ್ನು ಮೇಲೆ ಒಂದು ಹಾಳೆಯಲ್ಲಾದರೂ ಬರೀರಿ: ಯಾರಿಗೆ, ಎಷ್ಟು ದಿನಕ್ಕೆ, ಯಾವ ಬೆಳೆಗೆ. ಹದಿನೈದು ದಿನಕ್ಕೊಂದು ಸಲ ಹೊಲದ ಒಳಗೆ ನಡೆದು ನೋಡಿ, ಬದು ಮೇಲೆ ನಿಂತು ನೋಡಿದರೆ ಜೋಳದ ಮಧ್ಯೆ ಇರೋದು ಕಾಣಲ್ಲ. ಬೆಳೆ ಸಮೀಕ್ಷೆ ಆ್ಯಪಲ್ಲಿ ನಿಮ್ಮ ಬೆಳೆಯ ಫೋಟೋ ನೀವೇ ಹಾಕಿ. ಪರಿಹಾರಕ್ಕೆ, ವಿಮೆಗೆ ಹೇಗೂ ಬೇಕು. ಯಾವ ಸರ್ವೆ ನಂಬರಲ್ಲಿ ಯಾವ ಬೆಳೆ ಇತ್ತು ಅನ್ನೋದಕ್ಕೆ ದಾಖಲೆಯೂ ಆಗುತ್ತೆ.

ಇನ್ನೊಂದು ಮಾತು. ನೀವೋ ನಿಮ್ಮ ಗೆಳೆಯನೋ ಸೇದೋ ಅಭ್ಯಾಸಕ್ಕೆ ಬಿದ್ದಿದ್ದರೆ, "ಅಂಗಡಿಗೆ ಯಾಕೆ ದುಡ್ಡು, ಮನೇಲೇ ಬೆಳೆಯೋಣ" ಅನ್ನೋ ಯೋಚನೆ ಬಂದಿದ್ದರೆ, ಅದು ಉಳಿತಾಯ ಅಲ್ಲ. ಸೇದಿದ ಕೇಸು ಆರು ತಿಂಗಳಿಗೋ ಹತ್ತು ಸಾವಿರ ದಂಡಕ್ಕೋ ನಿಲ್ಲಬಹುದು, ಬೆಳೆದ ಕೇಸು ಹತ್ತು ವರ್ಷದವರೆಗೆ ಹೋಗುತ್ತೆ. ತಾನಾಗಿ ಚಿಕಿತ್ಸೆಗೆ ಹೋಗೋ ವ್ಯಸನಿಗೆ ಸೇವನೆ ಮತ್ತು ಸಣ್ಣ ಪ್ರಮಾಣದ ಕೇಸಲ್ಲಿ ಸೆಕ್ಷನ್ 64ಎ ರಕ್ಷಣೆ ಕೊಡುತ್ತೆ. ವ್ಯಸನಮುಕ್ತಿ ಸಹಾಯವಾಣಿ 14446. ನಾಚಿಕೆ ಬೇಡ, ಫೋನ್ ಮಾಡಿ.

ಬೆಳೀಬಹುದಾದ "ಹೆಂಪ್" ನಿಮ್ಮ ಊರಲ್ಲೇ ಇದೆ

ಹೆಂಪ್ ಅನ್ನೋ ಹೆಸರು ಹುಡುಕ್ತಾ ಹೋದೋರಿಗೆ "ಸನ್ ಹೆಂಪ್" ಅಂತ ಒಂದು ಸಿಕ್ಕಿರುತ್ತೆ. ಅದೇ ನಮ್ಮ ಸೆಣಬು, ಕೆಲವರು ಅಪ್‌ಸೆಣಬು ಅಂತಾರೆ. ಇದು ಗಾಂಜಾ ಜಾತಿಯೇ ಅಲ್ಲ, ಅವರೆ-ಹುರುಳಿ ಥರದ ದ್ವಿದಳ ಗಿಡ, ಹಳದಿ ಹೂವು. ಯಾವ ಲೈಸೆನ್ಸೂ ಬೇಡ.

ನಾನು ಅರಿಶಿನ ಹಾಕೋ ನೆಲಕ್ಕೆ ಇದನ್ನೇ ಮೊದಲು ಬಿತ್ತೋದು. ನೀರಿದ್ದವರು ಯುಗಾದಿ ಆದ ಮೇಲೆ ಬಿತ್ತಿದರೆ ಮೇ ಕೊನೆಗೆ ಮಗುಚಬಹುದು, ಜೂನಲ್ಲಿ ಅರಿಶಿನ ನಾಟಿ. ಮಳೆ ಆಶ್ರಯದವರು ಭರಣಿ ಮಳೆಗೆ ಬಿತ್ತಿ, ಜೂನ್ ಕೊನೆಯಲ್ಲಿ ಮಗುಚಿ, ಹಿಂಗಾರಿಗೆ ರಾಗಿ ಇಲ್ಲ ಹುರುಳಿ ಹಾಕಬಹುದು.

- ಎಕರೆಗೆ ನಾನು 15 ಕೆಜಿ ಬೀಜ ಎರಚ್ತೀನಿ. ಬೀಜ ಬೇಕಾದರೆ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ಹೇಳಿಡಿ.
- 45ರಿಂದ 50 ದಿನಕ್ಕೆ, ಹೂವು ಶುರುವಾಗೋ ಹೊತ್ತಲ್ಲಿ ರೋಟವೇಟರ್ ಹೊಡೆದು ಮಣ್ಣಿಗೆ ಸೇರಿಸಿ. ತಡ ಮಾಡಿದರೆ ಕಾಂಡ ನಾರಾಗಿ ಬೇಗ ಕೊಳೆಯಲ್ಲ.
- ಚೆನ್ನಾಗಿ ಬಂದರೆ ಎಕರೆಗೆ 5ರಿಂದ 8 ಟನ್ ಹಸಿರು ಸೊಪ್ಪು, ಸುಮಾರು 25ರಿಂದ 30 ಕೆಜಿ ಸಾರಜನಕ. ಯೂರಿಯಾ ಲೆಕ್ಕದಲ್ಲಿ ಒಂದು ಮೂಟೆಗಿಂತ ಜಾಸ್ತಿ.
- ಮಗುಚಿದ ಮೇಲೆ 10-15 ದಿನ ಬಿಟ್ಟು ನಾಟಿ ಮಾಡಿ.
- ಬೇರುಗಂಟು ಹುಳುವಿನ ಕಾಟ ಕಮ್ಮಿ ಮಾಡುತ್ತೆ. ಹಿಪ್ಪುನೇರಳೆ, ಬಾಳೆ, ಅರಿಶಿನ ಬೆಳೆಯೋ ನಮಗೆ ಇದೇ ದೊಡ್ಡ ಲಾಭ.
- ಬೀಜ ಬಲಿತ ಗಿಡವನ್ನ ದನಕ್ಕೆ ಹಾಕಬೇಡಿ, ಬೀಜದಲ್ಲಿ ವಿಷದ ಅಂಶ ಇದೆ.

ಸೆಣಬು ಮಣ್ಣಿಗೆ ಸರಿ, ಕೈಗೆ ದುಡ್ಡು ಬೇಕಲ್ಲ ಅಂತೀರಾ? ಬೇಗ ದುಡ್ಡು ನೋಡೋ ದಾರಿ ನಮ್ಮ ಕೊಳ್ಳೇಗಾಲದಲ್ಲಿ ಹಳೇದೇ: ರೇಷ್ಮೆ. ನೀರಿರೋ ಅರ್ಧ ಎಕರೆ ಹಿಪ್ಪುನೇರಳೆ ಚೆನ್ನಾಗಿ ಎದ್ದ ಮೇಲೆ, ಚಾಕಿ ಹುಳ ತಂದು ಮೇಯಿಸಿದರೆ ತಿಂಗಳೊಳಗೆ ಗೂಡು ಮಾರುಕಟ್ಟೆಗೆ. 100 ಮೊಟ್ಟೆಗೆ 60ರಿಂದ 80 ಕೆಜಿ ಗೂಡು ಬಂದರೆ ಒಳ್ಳೇ ಬೆಳೆ. ಹುಳದ ಮನೆ ಸ್ವಚ್ಛ ಇಲ್ಲದಿದ್ದರೆ ಬೆಳೆ ಹೋಗುತ್ತೆ, ಆ ಶಿಸ್ತು ಬೇಕು. ನೀರು ಕಮ್ಮಿ, ಹಂದಿ ಕಾಟ ಇರೋ ಕಡೆ ಜೋಳ ಒಂದನ್ನೇ ನಂಬದೆ ಸ್ವಲ್ಪ ಮೆಣಸಿನಕಾಯಿ, ಎಳ್ಳು, ಹರಳು ಸೇರಿಸಿ. ನನ್ನ ಹೊಲದಲ್ಲಿ ಹಂದಿ ಜೋಳ ಮುರಿದು ಹೋದ ರಾತ್ರಿಯೂ ಮೆಣಸಿನ ಸಾಲು ಹಾಗೇ ಇತ್ತು.

ಇದರಲ್ಲಿ ಯಾವುದೂ "ಎಕರೆಗೆ ಲಕ್ಷ ಲಕ್ಷ" ಅಲ್ಲ, ನಾನು ಹಾಗೆ ಹೇಳೋದೂ ಇಲ್ಲ. ಆದರೆ ಈ ಬೆಳೆಗೆ ರೇಟ್ ಬಿದ್ದರೆ ಹೋಗೋದು ಒಂದು ಬೆಳೆ. ಇನ್ನೊಂದರಲ್ಲಿ ಹೋಗೋದು ಹತ್ತು ವರ್ಷ.

ಈ ವಾರ ಮೂರು ಕೆಲಸ ಮಾಡಿ. ಬೇರೆಯವರಿಗೆ ಕೊಟ್ಟ ಜಮೀನು ಇದ್ದರೆ ಒಳಗೆ ನಡೆದು ನೋಡಿ ಬನ್ನಿ. ಬೆಳೆ ಸಮೀಕ್ಷೆ ಆ್ಯಪಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ ಬಂದಿದೆ ನೋಡಿ. ಹೆಂಪ್ ವಿಡಿಯೋ ಕಳಿಸಿದ ಗೆಳೆಯನಿಗೆ ಇದನ್ನೂ ಕಳಿಸಿ. ಬೆಳೆ ಆಯ್ಕೆ ಬಗ್ಗೆ ಅನುಮಾನ ಇದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕನ್ನಡದಲ್ಲೇ ಕೇಳಬಹುದು.